ಎಲ್‌ಇಡಿ ಟಾರ್ಚ್: ಬೆಳಕು ಜೋರು, ಬಾಳಿಕೆ ಏಕೆ ಕಡಿಮೆ?

ಪ್ರಶ್ನೆ: ತೋಟದಮನೆ

ನಮ್ಮ ಕಡೆ ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ ಹೆಚ್ಚಾಗಿ ರಾತ್ರಿಯೇ ಬರುವುದರಿಂದ ಟಾರ್ಚ್ ಹಿಡಿದು ಅಡಿಕೆ ತೋಟಕ್ಕೆ ಇಳಿಯದೆ ವಿಧಿಯಿಲ್ಲ. ಎರಡು ಪಿನ್ನನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಚಾರ್ಜ್ ಮಾಡುವ ಪ್ಲಾಸ್ಟಿಕ್ ಎಲ್‌ಇಡಿ ಟಾರ್ಚ್ ನಮ್ಮಲ್ಲಿದೆ. ಹೊಸದರಲ್ಲಿ ಅದರ ಬೆಳಕು ಹಳೆಯ ಬಲ್ಬಿನ ಟಾರ್ಚನ್ನು ನಾಚಿಸುವಂತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಪಂಪ್ ಮನೆ ತಲುಪುವ ಮೊದಲೇ ಮಂಕಾಗುತ್ತಿದೆ. ಎಲ್‌ಇಡಿ ಸಾವಿರಾರು ಗಂಟೆ ಬಾಳುತ್ತದೆ ಎನ್ನುತ್ತಾರಲ್ಲ, ಹಾಗಾದರೆ ಕೆಟ್ಟಿರುವುದು ಯಾವುದು? ಇನ್ನೊಂದು ಸಂಗತಿ: ತರಗೆಲೆಯ ಮೇಲಿನ ಹಾವು ಹಳದಿ ಬೆಳಕಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಈ ಬಿಳಿ ಬೆಳಕಿನಲ್ಲಿ ಕಾಣುವುದಿಲ್ಲವೆಂದು ಅಪ್ಪ ಹೇಳುತ್ತಾರೆ. ಅದು ಬರಿಯ ಅಭ್ಯಾಸದ ಮಾತೇ?

ಉತ್ತರ: ರಿಪೇರಿ ಮೇಜು

ಕೆಟ್ಟಿರುವುದು ಬಹುಪಾಲು ಬ್ಯಾಟರಿಯೇ. ಇಂಥ ಟಾರ್ಚುಗಳಲ್ಲಿ ಸಾಮಾನ್ಯವಾಗಿ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಅದನ್ನು ಪೂರ್ತಿ ಬರಿದಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕುಳಿತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಮರಳುವುದಿಲ್ಲ. ಅಗ್ಗದ ಟಾರ್ಚುಗಳಲ್ಲಿ ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಏರ್ಪಾಡು ಹೆಚ್ಚಾಗಿ ಇಲ್ಲದಿರುವುದರಿಂದ, ರಾತ್ರಿಯಿಡೀ ಚುಚ್ಚಿಡುವ ನಮ್ಮ ರೂಢಿಯೂ ಒಳಗಿನ ದ್ರವವನ್ನು ಒಣಗಿಸುತ್ತದೆ.

ಬಾಳಿಕೆಗಿಂತ ನನಗೆ ಚಿಂತೆಯಾಗುವುದು ಸುರಕ್ಷತೆ. ಇವುಗಳಲ್ಲಿ ವೋಲ್ಟೇಜ್ ಇಳಿಸಿ ಮನೆಯ ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಬದಲು ಒಂದು ಕೆಪಾಸಿಟರ್ ಮತ್ತು ಕೆಲವು ಡಯೋಡುಗಳಷ್ಟೇ ಇರುವುದು ಸಾಮಾನ್ಯ. ಹಾಗಿದ್ದಲ್ಲಿ ಚಾರ್ಜಿಗೆ ಇಟ್ಟಷ್ಟು ಹೊತ್ತೂ ಒಳಗಿನ ಲೋಹದ ಭಾಗಗಳೆಲ್ಲ 230 ವೋಲ್ಟಿನ ಮನೆಯ ವಿದ್ಯುತ್ತಿನೊಂದಿಗೆ ನೇರ ಸಂಪರ್ಕದಲ್ಲಿರುತ್ತವೆ. ಹೊರಕವಚ ಬಿರುಕುಬಿಟ್ಟಿದ್ದರೆ, ಅಥವಾ ಮಳೆಯಲ್ಲಿ ನೆನೆದಿದ್ದರೆ, ಅದನ್ನು ಸಾಕೆಟ್ಟಿಗೆ ಚುಚ್ಚಲೇಬೇಡಿ. ಕವಚ ಗಟ್ಟಿಯಾಗಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಬಹುದು. ಧನ-ಋಣ ತಂತಿಗಳು ಅದಲುಬದಲಾಗದಂತೆ ಬೆಸುಗೆ ಹಾಕಿದರಾಯಿತು.

ಉತ್ತರ: ಘಟ್ಟದ ಕೆಳಗಿನವ

ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಸೂಸುವ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪದೊಂದಿಗೆ ಸೇರಿ ಅದು ಬಿಳಿಯಾಗಿ ತೋರುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ನೀಲಿಯ ಪಾಲು ಹೆಚ್ಚು, ಕೆಂಪಿನ ಪಾಲು ತೀರ ಕಡಿಮೆ. ತರಗೆಲೆಯೂ ಕೊಳಕುಮಂಡಲವೂ ಕಂದು ಬಣ್ಣದವೇ ಆಗಿರುವಾಗ, ಕಂದಿನ ಛಾಯೆಗಳನ್ನು ಬೇರ್ಪಡಿಸಿ ತೋರಿಸಬೇಕಾದ ಕೆಂಪು ಅಂಶವೇ ಬೆಳಕಿನಲ್ಲಿ ಇಲ್ಲದಿದ್ದರೆ ಎಲ್ಲವೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತದೆ. ಕೊಳ್ಳುವಾಗ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ) ಆಸುಪಾಸಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಎಂಬುದರ ಅಂಕ, ಗರಿಷ್ಠ 100) 90 ಅಥವಾ ಅದಕ್ಕಿಂತ ಹೆಚ್ಚೆಂದು ನಮೂದಿಸಿರುವ ಟಾರ್ಚನ್ನು ಹುಡುಕಿ.

ಹಣೆಗೆ ಕಟ್ಟುವ ದೀಪದಿಂದ ಕೈಗಳಿಗೆ ಬಿಡುವೇನೋ ಸಿಗುತ್ತದೆ. ಆದರೆ ಕಣ್ಣಿನ ನೇರದಿಂದಲೇ ಬೆಳಕು ಹೋಗುವುದರಿಂದ ನೆಲದ ಮೇಲಿನ ವಸ್ತುವಿನ ನೆರಳು ನಮಗೆ ಕಾಣುವುದಿಲ್ಲ, ಮಂಜಿನಲ್ಲಂತೂ ಕಣ್ಣೆದುರು ಬಿಳಿ ಪರದೆ ಎಳೆದಂತಾಗುತ್ತದೆ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದರೆ ಸುರುಳಿ ಸುತ್ತಿ ಮಲಗಿದ ಹಾವಿನ ನೆರಳಾದರೂ ಎದ್ದುಕಾಣುತ್ತದೆ.

ಉತ್ತರ: ಹಳೇಸೆಲ್

ಬ್ಯಾಟರಿ ಬದಲಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಚಾರ್ಜಿಂಗ್ ವ್ಯವಸ್ಥೆ ಹಾಗೆಯೇ ಉಳಿಯುವುದಾದರೆ ಹೊಸ ಬ್ಯಾಟರಿಯ ಗತಿಯೂ ಅದೇ. 18650 ಎಂಬ ಗಾತ್ರದ, ಮರುಚಾರ್ಜ್ ಆಗುವ ಲಿಥಿಯಂ ಸೆಲ್ ಹಾಕುವ, ಯುಎಸ್‌ಬಿ ಮೂಲಕ ಚಾರ್ಜ್ ಆಗುವ, ಲೋಹದ ಮೈಯ ಟಾರ್ಚ್ ಕೊಳ್ಳುವುದು ಲೇಸು, ಏಕೆಂದರೆ ಎಲ್‌ಇಡಿಯ ಬಿಸಿಯನ್ನು ಹೊರಹಾಕಲು ಲೋಹದ ಮೈ ಬೇಕೇ ಬೇಕು. ಸೆಲ್ಲಿನ ಮೇಲೆ ಅದರ ಸಾಮರ್ಥ್ಯ 9900 ಮಿಲಿಆಂಪ್ ಅವರ್ ಎಂದು ಅಚ್ಚು ಹಾಕಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಈ ಗಾತ್ರದ ಒಳ್ಳೆಯ ಸೆಲ್ಲುಗಳೂ 3500ರ ಆಸುಪಾಸಿನವು. ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕವನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು: ಟಾರ್ಚುಗಳನ್ನು ಅಳೆಯುವ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡದ ಪ್ರಕಾರ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನ ಸಮಯವೆಲ್ಲ ಆ ಲೆಕ್ಕದಲ್ಲಿ ಸೇರುತ್ತದೆ.

ಉತ್ತರ: ತೋಟದಮನೆ

ಕವಚದಲ್ಲಿ ಪಿನ್ನಿನ ಬಳಿಯೇ ಬಿರುಕಿದೆ, ಆದ್ದರಿಂದ ಬ್ಯಾಟರಿ ಬದಲಿಸುವ ವಿಚಾರ ಕೈಬಿಟ್ಟಿದ್ದೇನೆ. ಯುಎಸ್‌ಬಿ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ನಮ್ಮ ಮಳೆಗೆ ತಡೆಯುತ್ತದೆಯೇ, ಅಥವಾ ಸೆಲ್ ಹೊರತೆಗೆದು ಬೇರೆ ಚಾರ್ಜರಿನಲ್ಲಿ ಹಾಕುವ ಬಗೆಯೇ ಒಳ್ಳೆಯದೇ ಎಂಬುದನ್ನು ಬಳಸಿದವರು ತಿಳಿಸಿ.