ಮಳೆಗಾಲದಲ್ಲೂ ಮನೆಯ ಕಸ ಕಮ್ಮಿ ಮಾಡೋದು ಹೇಗೆ? ಚಿಕ್ಕಮಗಳೂರು, ಹಾಸನದವರ ಅನುಭವ

ಕೇಳಿದವರು:
ನಾವು ಚಿಕ್ಕಮಗಳೂರಿಗೆ ಹೊಸಬರು. ಮಹಡಿ ಮೇಲಿನ ಬಾಡಿಗೆ ಮನೆ, ಅಂಗಳ ಇಲ್ಲ, ಬಟ್ಟೆ ಒಣಗಿಸೋಕೆ ಸಣ್ಣ ಬಾಲ್ಕನಿ ಮಾತ್ರ ಇದೆ. ಕಸದ ಗಾಡಿ ಬರುವಷ್ಟರಲ್ಲಿ ಬಕೆಟ್ ತುಂಬಿ ನಾರುತ್ತಿರುತ್ತದೆ. ಗೊಬ್ಬರ ಮಾಡೋಣ ಅಂತ ಶುರು ಮಾಡಿದೆ, ಮಳೆ ಹಿಡಿದ ಮೇಲೆ ಬಕೆಟ್ ತುಂಬ ಹುಳ. ಕೆಳಗಿನ ಮನೆಯವರು ಕವರೆಲ್ಲ ನಮ್ಮ ಬಚ್ಚಲ ಒಲೆಗೆ ಹಾಕಿ ಅಂತಾರೆ, ನನಗೆ ಯಾಕೋ ಮನಸ್ಸಿಲ್ಲ. ಜಾಸ್ತಿ ಖರ್ಚಿಲ್ಲದೆ ಕಸ ಕಮ್ಮಿ ಮಾಡೋಕೆ ನೀವೆಲ್ಲ ಏನು ಮಾಡ್ತೀರಿ?

ವಿಜಯಪುರ ಬಡಾವಣೆಯಿಂದ:
ಬೇರೆ ಏನು ಮಾಡುವ ಮೊದಲೂ ಹಸಿ ಕಸವನ್ನು ಒಣ ಕಸದ ಹತ್ತಿರ ಸೇರಿಸಬೇಡಿ. ಎರಡೂ ಕಲೆತರೆ ಯಾವುದೂ ಯಾರಿಗೂ ಬೇಡ. ಸಾರು ಚೆಲ್ಲಿದ ಪೇಪರನ್ನು ಗುಜರಿಯವರು ಮುಟ್ಟಲ್ಲ, ಪ್ಲಾಸ್ಟಿಕ್ ಸೇರಿದ ಸಿಪ್ಪೆ ಗೊಬ್ಬರಕ್ಕೆ ಬರಲ್ಲ, ಕೊನೆಗೆ ಎಲ್ಲ ಒಟ್ಟಿಗೆ ಊರಿನ ಕಸ ಸುರಿಯುವ ಇಂದಾವರಕ್ಕೆ ಹೋಗಿ ರಾಶಿ ಬೀಳುತ್ತದೆ. ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಬೇರೆ ಮಾಡಬೇಕು ಅನ್ನುವ ನಿಯಮ 2016ರಲ್ಲೇ ಬಂದಿದೆ. ಆದರೆ ನಿಯಮಕ್ಕಿಂತ ಹೆಚ್ಚಾಗಿ, ಹೀಗೆ ಬೇರೆ ಇಟ್ಟರೆ ನಮ್ಮ ಮನೆಯ ನಾತ ಅರ್ಧಕ್ಕರ್ಧ ಅಲ್ಲೇ ನಿಂತುಹೋಗುತ್ತದೆ.

ಈಗ ಹುಳದ ವಿಚಾರ. ಬಿಳಿ ಹುಳ ಬಂದರೆ ಗೊಬ್ಬರ ಕೆಟ್ಟಿಲ್ಲ, ನೀರು ಜಾಸ್ತಿ ಆಗಿದೆ ಅಷ್ಟೇ. ಅವೂ ಕಸವನ್ನೇ ತಿಂತಾವೆ, ಚೆಲ್ಲಬೇಡಿ. ಒಂದು ಹಿಡಿ ತಗೊಂಡು ಮುಷ್ಟಿಯಲ್ಲಿ ಹಿಂಡಿ ನೋಡಿ. ಅಂಗೈ ಒದ್ದೆ ಆದರೆ ಸರಿ ಇದೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಒಣ ಪದಾರ್ಥ ಹಾಕಿ ಬುಡದವರೆಗೂ ಚೆನ್ನಾಗಿ ಕೆದಕಿ, ಗಾಳಿ ಆಡಲಿ. ಗಾಳಿ ಇಲ್ಲದೆ ಕೊಳೆತರೆ ಮಾತ್ರ ಆ ಕೆಟ್ಟ ವಾಸನೆ ಬರೋದು.

ನಾನು ಹಳೆ ಪೇಂಟ್ ಬಕೆಟ್ ಇಟ್ಟುಕೊಂಡಿದ್ದೇನೆ, ಇಪ್ಪತ್ತು ಲೀಟರಿಂದು. ಕಬ್ಬಿಣದ ಸಲಾಕೆ ಕಾಯಿಸಿ ಸುತ್ತಲೂ ತಳಕ್ಕೂ ತೂತು ಹಾಕಿ, ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೊಂದು ಹಳೆ ತಟ್ಟೆ ಇಟ್ಟಿದ್ದೇನೆ. ತಳದಲ್ಲಿ ತೆಂಗಿನ ನಾರು. ಅದರ ಮೇಲೆ ದಿನದ ಸಿಪ್ಪೆ ಒಂದು ಬಟ್ಟಲು ಬಿದ್ದರೆ ಒಣಗಿದ ಎಲೆ ಪುಡಿ ಮಾಡಿದ್ದು ಎರಡು ಬಟ್ಟಲು. ಶುರುವಿಗೆ ಒಂದು ಹಿಡಿ ಸಗಣಿ ಅಥವಾ ಹುಳಿ ಮಜ್ಜಿಗೆ. ನಮ್ಮೂರಿನ ಚಳಿ ಮಳೆಗೆ ಬೇಸಿಗೆಗಿಂತ ನಿಧಾನ ಆಗುತ್ತದೆ, ಅದಕ್ಕೆ ಎರಡನೇ ಬಕೆಟ್ ಇದ್ದರೆ ಒಳ್ಳೇದು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಸಜ್ಜೆ ಕೆಳಗೆ ಇಟ್ಟು ಮರೆತುಬಿಡಿ.

ಒಣ ಎಲೆಯನ್ನು ಮಳೆಗಾಲದಲ್ಲಿ ಹುಡುಕಿದರೆ ಸಿಗಲ್ಲ. ಬೇಸಿಗೆಯಲ್ಲೇ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಬೇಕು. ನಮ್ಮ ಕಡೆ ಧಾರಾಳವಾಗಿ ಸಿಗುವುದು ಸಿಲ್ವರ್ ಓಕ್ ಎಲೆ, ಅದು ಒಂದೇ ಹಾಕಿದರೆ ಕೊಳೆಯೋಕೆ ತುಂಬಾ ಕಾಲ ಬೇಕು, ಕೈಯಲ್ಲಿ ಉಜ್ಜಿ ಬೇರೆ ಎಲೆ ಜೊತೆ ಬೆರೆಸಿ. ಈಗಂತೂ ಮಳೆ ಶುರುವಾಗಿದೆ, ಹಾಗಾಗಿ ಸಾಮಿಲ್ಲಿನಿಂದ ಮರದ ಹೊಟ್ಟು ತನ್ನಿ. ಪ್ಲೈವುಡ್ ಕುಯ್ದ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ. ಕಾಫಿ ಸಿಪ್ಪೆ ಬಿಡಿಸಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪರಿಚಯದವರಿದ್ದರೆ ಕಾಫಿ ಹೊಟ್ಟು ಕೇಳಿ ನೋಡಿ.

ಇನ್ನೊಂದು, ಡಿಕಾಕ್ಷನ್ ತೆಗೆದು ಉಳಿದ ಚರಟ ಕಂದು ಬಣ್ಣ ಇದೆ ಅಂತ ಒಣ ಎಲೆಯ ಲೆಕ್ಕಕ್ಕೆ ಹಿಡೀಬೇಡಿ. ಅದರಲ್ಲಿ ಸಾರಜನಕ ಜಾಸ್ತಿ, ಅದು ಸೊಪ್ಪು ಸಿಪ್ಪೆಯ ಲೆಕ್ಕ. ಕಾಫಿ ಜಾಸ್ತಿ ಕುಡಿಯೋ ಮನೆಯಲ್ಲಿ ಹೊಟ್ಟೂ ಒಂದು ಹಿಡಿ ಜಾಸ್ತಿ ಬೇಕು.

ಬಸವನಹಳ್ಳಿಯಿಂದ:
ಗೊಬ್ಬರದ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಒಣ ಕಸದ ಬಗ್ಗೆ ಹೇಳ್ತೀನಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆ ಪೂರ್ತಿ ತುಂಡಾಗದಂತೆ ಕತ್ತರಿಸಿ, ಆ ಚೂರು ಕವರಿಗೇ ಅಂಟಿಕೊಂಡಿರಲಿ. ಬೇರೆಯಾದ ಚೂರನ್ನು ಯಾರೂ ಆರಿಸಲ್ಲ, ಸೀದಾ ಚರಂಡಿಗೆ ಹೋಗುತ್ತದೆ. ಪಾತ್ರೆ ತೊಳೆದು ಉಳಿದ ನೀರಲ್ಲೇ ಕವರ್ ಜಾಲಿಸಿ, ಒಳಮೈ ಹೊರಗೆ ಮಾಡಿ ಅಡುಗೆಮನೆ ಟೈಲ್ಸ್ ಗೋಡೆಗೆ ಅಂಟಿಸಿ. ಮಳೆಗಾಲದಲ್ಲೂ ಒಲೆಯ ಶಾಖಕ್ಕೆ ಬೆಳಗಾಗುವಷ್ಟರಲ್ಲಿ ಒಣಗಿ ತಾನೇ ಉದುರುತ್ತದೆ. ಹೀಗೆ ಒಣಗಿಸಿದ ಹಾಲಿನ ಕವರನ್ನು ನಮ್ಮ ಬೀದಿಯ ಗುಜರಿಯವರು ಖುಷಿಯಾಗಿ ತಗೊಳ್ತಾರೆ.

ಡಬ್ಬ, ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ನಂಬರ್ ಇರುತ್ತದೆ. 1 ಅಂದರೆ ನೀರಿನ ಬಾಟಲಿ ಜಾತಿ, 2 ಶಾಂಪೂ ಡಬ್ಬ, 5 ಗಟ್ಟಿ ಊಟದ ಡಬ್ಬ, ಇವೆಲ್ಲ ಮಾರಾಟ ಆಗುತ್ತವೆ. ಥರ್ಮೋಕೋಲ್ 6, ಅದನ್ನು ಕೇಳುವವರು ಕಮ್ಮಿ. ಚಿಪ್ಸ್, ಬಿಸ್ಕತ್ತಿನ ಹೊಳೆಯೋ ಕವರ್ ಬೇರೆ ಬೇರೆ ಪದರ ಅಂಟಿಸಿ ಮಾಡಿದ್ದು, ಗುಜರಿಗೆ ಬೇಡ, ಹಾಗಂತ ಬಿಸಾಡಬೇಡಿ. ಒರೆಸಿ ಒಣ ಕಸದ ಜೊತೆ ಗಾಡಿಗೆ ಕೊಡಿ, ಒಣಗಿದ್ದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗಾದರೂ ಉರುವಲಾಗಿ ಹೋಗಬಹುದು.

ಆಲ್ದೂರು ಕಡೆಯಿಂದ:
ಬಚ್ಚಲ ಒಲೆಗೆ ಪ್ಲಾಸ್ಟಿಕ್ ದಯವಿಟ್ಟು ಬೇಡ ಮೇಡಂ. ನಿಮಗೆ ಮನಸ್ಸು ಬರದೇ ಇದ್ದದ್ದು ಸರಿಯಾಗೇ ಇದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹಂಡೆ ಒಲೆ ಹೊತ್ತಿಸೋಕೆ ಒಂದು ಕವರ್ ಹಾಕೋದು ಎಲ್ಲರಿಗೂ ರೂಢಿ. ಮಳೆಗಾಲದಲ್ಲಿ ಸೌದೆ ಹಸಿ, ಬೇಗ ಹೊತ್ತಲಿ ಅಂತ. ಆದರೆ ಒಲೆಯ ಬೆಂಕಿಗೆ ಪ್ಲಾಸ್ಟಿಕ್ ಪೂರ್ತಿ ಉರಿಯಲ್ಲ. ಅದರಲ್ಲೂ ಪೈಪು, ವೈರು, ರೆಕ್ಸಿನ್ ಥರದ ಪಿವಿಸಿ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಹೊಗೆ ಮೊದಲು ಹೋಗೋದು ಒಲೆ ಮುಂದೆ ಕೂತು ಊದುವವರ ಎದೆಗೆ, ಅವರು ಯಾರು ಅಂತ ಎಲ್ಲರಿಗೂ ಗೊತ್ತು, ಮನೆಯ ಹೆಂಗಸರು, ವಯಸ್ಸಾದ ಅಜ್ಜಿ. ಆ ಬೂದಿಯನ್ನೇ ಆಮೇಲೆ ಕರಿಬೇವಿನ ಗಿಡದ ಬುಡಕ್ಕೆ ಹಾಕ್ತೇವೆ, ಕೆಲವರು ಪಾತ್ರೆಯನ್ನೂ ಉಜ್ಜುತ್ತಾರೆ.

ನಮ್ಮಲ್ಲಿ ಒಲೆ ಹೊತ್ತಿಸೋಕೆ ಅಂತಲೇ ತೆಂಗಿನ ಗರಿ, ಅಡಿಕೆ ಸಿಪ್ಪೆ ಒಣಗಿಸಿ ಚೀಲದಲ್ಲಿ ಇಟ್ಟಿರುತ್ತೇವೆ. ಕೆಳಗಿನ ಮನೆಯವರಿಗೆ ಸುಮ್ನೆ ಬೇಡ ಅನ್ನೋ ಬದಲು ಒಣಗಿದ ಚಿಪ್ಪು, ತೆಂಗಿನ ನಾರು ಒಂದು ಚೀಲ ಕೊಟ್ಟು ನೋಡಿ. ಅವರಿಗೂ ಬೇಕಾಗಿರೋದು ಒಲೆ ಹೊತ್ತೋದು ತಾನೇ.

ಹಾಸನದಿಂದ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೇರೆ ಮಾಡೋದಕ್ಕಿಂತ ಮನೆಯೊಳಗೆ ಬರೋದನ್ನೇ ತಡೆದರೆ ಕೆಲಸ ಸುಲಭ. ನೀವಿರೋದು ಕಾಫಿ ಊರು, ಕಣ್ಣೆದುರೇ ಹುರಿದು ಪುಡಿ ಮಾಡಿ ಕೊಡೋ ಅಂಗಡಿಗಳಿವೆ. ಸ್ಟೀಲ್ ಡಬ್ಬ ತಗೊಂಡು ಹೋಗಿ. ಡಬ್ಬದ ತೂಕ ಮೊದಲೇ ನೋಡಿ ಕಳೀತಾರೆ, ಯಾರೂ ಬೇಡ ಅನ್ನಲ್ಲ. ಮೀನು, ಕೋಳಿಗೂ ಡಬ್ಬ. ಸಂತೆಗೆ ಎರಡು ಬಟ್ಟೆ ಚೀಲ, ಒಂದು ಮಣ್ಣಿರೋ ಗೆಡ್ಡೆಗೆ, ಇನ್ನೊಂದು ಸೊಪ್ಪಿಗೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧ ಆಗಿದ್ದು 2016ರಲ್ಲೇ. ಆದರೂ ಅಂಗಡಿಯವರು ಕೊಡ್ತಾರೆ, ನಾವು ಕೈ ಚಾಚುತ್ತೇವೆ. ಕೈಯಲ್ಲಿ ಚೀಲ ಕಂಡರೆ ಅವರೇ ಕೊಡೋದು ಬಿಡ್ತಾರೆ, ಅವರಿಗೂ ಉಳಿತಾಯ.

ನಾಮಕರಣ, ತಿಥಿ, ಗೃಹಪ್ರವೇಶ ಇದ್ದಾಗ ಒಂದೇ ದಿನದಲ್ಲಿ ತಿಂಗಳ ಕಸ ಆಗುತ್ತದೆ. ಬಾಳೆ ಎಲೆ ಇಲ್ಲವೇ ಅಡಿಕೆ ಹಾಳೆ ತಟ್ಟೆ ತನ್ನಿ, ನೀರಿಗೆ ಸ್ಟೀಲ್ ಲೋಟ ಬಾಡಿಗೆಗೆ ತನ್ನಿ. ಪೇಪರ್ ಲೋಟ ಅಂತ ಸಮಾಧಾನ ಪಡಬೇಡಿ, ಅದರ ಒಳಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ.

ಕೋಟೆಯಿಂದ:
ನನ್ನ ಅತ್ತೆ ಪೌರಕಾರ್ಮಿಕರಾಗಿದ್ದವರು, ಹಾಗಾಗಿ ಇದನ್ನು ಹೇಳಲೇಬೇಕು. ಎಲ್ಲರೂ ಹಸಿ, ಒಣ ಅಂತ ವಿವರವಾಗಿ ಹೇಳಿದಿರಿ, ಮೂರನೇದನ್ನು ಹೆಸರಿಗಷ್ಟೇ ಹೇಳಿ ಬಿಟ್ಟಿರಿ. ಪ್ಯಾಡ್, ಮಗುವಿನ ಡೈಪರ್, ಬ್ಯಾಂಡೇಜ್ ಇವನ್ನು ಹಳೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬಿಚ್ಚಿ ನೋಡುವ ಕೆಲಸ ಇನ್ನೊಬ್ಬರ ಬರಿಗೈಗೆ ಬರಬಾರದು. ಟ್ಯೂಬ್‌ಲೈಟ್, ಹಳೆ ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದ ಹಾಗೆ ರಟ್ಟಿನಲ್ಲಿ ಇಟ್ಟು ಕೊಡಿ. ಬ್ಯಾಟರಿ, ಹಳೆ ಮಾತ್ರೆ ಒಂದು ಡಬ್ಬದಲ್ಲಿ ಬೇರೆ ಕೂಡಿಡಿ.

ಬ್ಲೇಡು, ಒಡೆದ ಬಾಟಲಿ ಇದ್ದರೆ ದಪ್ಪ ರಟ್ಟಿನಲ್ಲಿ ಸುತ್ತಿ ದಾರ ಕಟ್ಟಿ. ಅತ್ತೆಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಇಂಥದ್ದೇ ಒಂದು ಗಾಜಿನ ಗುರುತಿದೆ, ಯಾರೋ ಅನ್ನದ ಜೊತೆ ಕವರಿನಲ್ಲಿ ಕಟ್ಟಿ ಹಾಕಿದ್ದು. ನೀವು ಎಷ್ಟೇ ಚೆನ್ನಾಗಿ ಸುತ್ತಿದ್ದರೂ ಗಾಡಿಯವರ ಕೈಗೆ ಕೊಡುವಾಗ "ಅಣ್ಣ, ಇದರಲ್ಲಿ ಗಾಜಿದೆ" ಅಂತ ಬಾಯಿಬಿಟ್ಟು ಹೇಳಿ.