ಜಪಾನಿನ ಎಂಕಾ ಹಾಡಿ ಗೆದ್ದ ಜೆರೋ: ಜನ ಮೆಚ್ಚಿದ್ದು ಕಂಠವನ್ನಾ, ವೇಷವನ್ನಾ?

ಸಂಜೆರಾಗ:
ಜೆರೋ ಹಾಡು ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಆಫ್ರಿಕನ್ ಅಮೆರಿಕನ್ ಗಾಯಕ. ತಲೆಗೆ ಬಟ್ಟೆ ಕಟ್ಟಿ ಅದರ ಮೇಲೆ ಓರೆಯಾಗಿ ಟೋಪಿ, ದೊಗಳೆ ಪ್ಯಾಂಟು. ನೋಡಿದರೆ ಈಗ ರ‍್ಯಾಪ್ ಶುರು ಅನ್ಸುತ್ತೆ, ಬಾಯಿ ತೆರೆದರೆ ಅಪ್ಪಟ ಎಂಕಾ. ಎಂಕಾ ಅಂದ್ರೆ ಜಪಾನಿನ ಹಿರಿಯರು ಮೆಚ್ಚುವ ವಿರಹದ, ಊರಿನ ನೆನಪಿನ ಹಾಡುಗಳು. 2008ರ ಫೆಬ್ರವರಿಯಲ್ಲಿ ಬಂದ ಇವರ ಮೊದಲ ಹಾಡು 'ಉಮಿಯುಕಿ' ಜಪಾನಿನ ಹಾಡುಗಳ ಮಾರಾಟ ಲೆಕ್ಕ ಹಾಕುವ ಒರಿಕಾನ್ ಪಟ್ಟಿಗೆ ನೇರವಾಗಿ 4ನೇ ಸ್ಥಾನದಲ್ಲೇ ಕಾಲಿಟ್ಟಿತು. ಅಲ್ಲಿಯವರೆಗೆ ಯಾವ ಎಂಕಾ ಗಾಯಕರ ಮೊದಲ ಹಾಡೂ ಅಷ್ಟು ಮೇಲೆ ಶುರುವಾಗಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ಇದು ಹಾಡಿಗೆ ಸಿಕ್ಕ ಗೆಲುವಾ, ಇಲ್ಲಾ 'ಅಮೆರಿಕದವನು ನಮ್ಮ ಹಾಡು ಹಾಡ್ತಾನೆ' ಅನ್ನೋ ಬೆರಗಿಗೆ ಸಿಕ್ಕಿದ್ದಾ?

ಕೋಬೆಯಿಂದ:
ನಾನು ಜಪಾನಿನಲ್ಲೇ ಇರೋದು, ಇವರ ಹಾಡುಗಳನ್ನು ಸುಮಾರು ವರ್ಷದಿಂದ ಕೇಳ್ತಿದ್ದೀನಿ. 'ವಿದೇಶಿ' ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸೋದು ಸರಿಯಲ್ಲ. ಜೆರೋ ಅಜ್ಜಿ ಜಪಾನಿನವರು, ಅಮೆರಿಕದ ಸೈನಿಕರೊಬ್ಬರನ್ನು ಮದುವೆಯಾಗಿ ಪಿಟ್ಸ್‌ಬರ್ಗಿಗೆ ಹೋದವರು. ಆ ಅಜ್ಜಿ ಮನೆಯಲ್ಲಿ ಎಂಕಾ ಹಾಕ್ತಿದ್ದರು, ಮೊಮ್ಮಗ ಅರ್ಥ ಗೊತ್ತಾಗೋ ಮೊದಲೇ ಜೊತೆಗೆ ಹಾಡೋಕೆ ಕಲಿತ. ಹಾಗಾಗಿ ಎಂಕಾ ಇವರಿಗೆ ದೊಡ್ಡವರಾದ ಮೇಲೆ ಹಚ್ಚಿಕೊಂಡ ಹವ್ಯಾಸ ಅಲ್ಲ, ಮನೆಯಲ್ಲೇ ಕಿವಿಗೆ ಬಿದ್ದದ್ದು.

ಆಮೇಲಿನ ದಾರಿ ಅಷ್ಟು ಸುಲಭದ್ದೇನೂ ಅಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾಹಿತಿ ವಿಜ್ಞಾನ ಓದಿ, 2003ರಲ್ಲಿ ಜಪಾನಿಗೆ ಬಂದು, ಇಂಗ್ಲಿಷ್ ಪಾಠ ಹೇಳಿ, ಕಂಪ್ಯೂಟರ್ ಎಂಜಿನಿಯರ್ ಆಗಿ ಕೆಲಸ ಮಾಡ್ತಾ ಹಾಡಿನ ಸ್ಪರ್ಧೆಗಳಿಗೆ ಹೋದವರು. ಕೋಹಾಕು ವೇದಿಕೆಯಲ್ಲಿ ಹಾಡ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದರು. ಕೋಹಾಕು ಅಂದ್ರೆ ಡಿಸೆಂಬರ್ 31ರ ರಾತ್ರಿ ಇಲ್ಲಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯಲ್ಲಿ ಬರುವ ಹಾಡಿನ ಕಾರ್ಯಕ್ರಮ, ಇಲ್ಲಿನ ಗಾಯಕರಿಗೆ ಅದಕ್ಕಿಂತ ದೊಡ್ಡ ಕರೆ ಇನ್ನೊಂದಿಲ್ಲ. ಅಜ್ಜಿ 2005ರಲ್ಲೇ ತೀರಿಕೊಂಡರು. 2008ರ ಕೋಹಾಕುವಿನಲ್ಲಿ ಜೆರೋ ಅಜ್ಜಿಯ ಚಿತ್ರ ಇರೋ ಬಟ್ಟೆ ತೊಟ್ಟು ಹಾಡಿದರು. ಅದನ್ನು ಬರೀ ವೇಷ ಅನ್ನೋಕೆ ನನಗೆ ಮನಸ್ಸು ಬರಲ್ಲ.

ತಂಬೂರಿ:
ನಾನು ಕರ್ನಾಟಕ ಸಂಗೀತ ಕಲಿತವಳು, ಹಾಗಾಗಿ ಕಂಠದ ಬಗ್ಗೆ ಮಾತ್ರ ಹೇಳ್ತೀನಿ. ಎಂಕಾದಲ್ಲಿ ಕೊಬುಶಿ ಅಂತ ಒಂದಿದೆ. ಸ್ವರ ಹಿಡಿದು ನಿಂತಿರುವಾಗಲೇ ಗಂಟಲಲ್ಲಿ ಚಕ್ಕನೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ತಿರುಗಿ ಮತ್ತೆ ಅದೇ ಸ್ವರಕ್ಕೆ ಬಂದು ಕೂರಬೇಕು. ನಮ್ಮ ಗಮಕದ ಹಾಗೆ ಉದ್ದಕ್ಕೂ ತೂಗಲ್ಲ, ಪದದ ಒಂದು ಅಕ್ಷರದ ಮೇಲೆ ಬಂದು ಹೋಗುತ್ತೆ. ಸಾಲಿನ ಕೊನೆಗೆ ಸ್ವರವನ್ನು ಮೊದಲು ನೇರವಾಗಿ ಹಿಡಿದು, ಆಮೇಲೆ ನಿಧಾನಕ್ಕೆ ನಡುಗಿಸ್ತಾರೆ. ಜೆರೋ ಹಾಡುವಾಗ ಈ ನಡುಕ ಯಾವಾಗ ಶುರುವಾಗುತ್ತೆ ಅಂತ ಕಿವಿಗೊಟ್ಟು ಕೇಳಿ. ಆತುರವೇ ಇಲ್ಲ. 'ಉಮಿಯುಕಿ'ಯ ಶುರುವಿನ ಸಾಲುಗಳನ್ನು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ತಗ್ಗಿದ ದನಿಯಲ್ಲಿ ಹೇಳಿ, ಪಲ್ಲವಿಗೆ ಬಂದಾಗ ಮಾತ್ರ ಎದೆ ತುಂಬಿ ಹಾಡ್ತಾರೆ. ಟೋಪಿ ಹಾಕ್ಕೊಂಡ್ರೆ ಬರೋ ವಿದ್ಯೆ ಅಲ್ಲ ಅದು.

ಇನ್ನೊಂದು, ಎಂಕಾ ಹಾಡುಗಳು ಹೆಚ್ಚಾಗಿ ಐದೇ ಸ್ವರದವು, ಮಧ್ಯಮ ನಿಷಾದ ಇರಲ್ಲ. ಒಂದು ಬಗೆ ನಮ್ಮ ಮೋಹನ ರಾಗದ ಸ್ವರಗಳೇ. ದುಃಖದ ಬಗೆಯಲ್ಲಿ ಶಿವರಂಜನಿ ರಾಗದ ಧೈವತವನ್ನು ಅರ್ಧ ಸ್ವರ ಇಳಿಸಿದ ಹಾಗೆ. ನಮ್ಮ ಕಿವಿಗೆ ಎಂಕಾ ಬೇಗ ಹತ್ತಿರ ಆಗೋದು ಬಹುಶಃ ಇದಕ್ಕೇ.

ಹಳೇಕ್ಯಾಸೆಟ್:
ಕಂಠ ಚೆನ್ನಾಗಿದೆ, ಒಪ್ಪಿದೆ. ಆದರೆ ಕಂಠ ಚೆನ್ನಾಗಿರೋ ಎಂಕಾ ಗಾಯಕರು ಜಪಾನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ರೆಕಾರ್ಡ್ ಅಂಗಡಿಗಳ ಮುಂದೆ ಹಾಡಿ, ಕ್ಯಾರಿಯೋಕೆ ಮಂದಿಯ ಕೈಕುಲುಕಿ, ಒಂದೊಂದೇ ಸಿಡಿ ಮಾರಿ ಮೇಲೆ ಬರೋಕೆ ಅವರಿಗೆ ವರ್ಷಗಟ್ಟಲೆ ಹಿಡಿಯುತ್ತೆ. ಜೆರೋಗೆ ಮೊದಲ ಹಾಡಿಗೇ ಸಾಹಿತ್ಯ ಬರೆದವರು ಯಾಸುಶಿ ಅಕಿಮೊತೊ. ಹೆಸರಾಂತ ಗಾಯಕಿ ಮಿಸೊರಾ ಹಿಬಾರಿಯ ಕೊನೇ ವರ್ಷಗಳ ದೊಡ್ಡ ಹಾಡು ಬರೆದವರೂ ಅವರೇ, ಹುಡುಗಿಯರ ಪಾಪ್ ತಂಡ ಎಕೆಬಿ48 ಕಟ್ಟಿದವರೂ ಅವರೇ. ರಾಗ ಹಾಕಿದ ರ‍್ಯೂಡೊ ಉಝಾಕಿ ರಾಕ್ ಬ್ಯಾಂಡಿನಿಂದ ಬಂದವರು. ಹಿಪ್‌ಹಾಪ್ ಬಟ್ಟೆಯಲ್ಲಿ, ಪ್ರಿಯಕರ ಕೈಬಿಟ್ಟ ಹೆಣ್ಣು ಹಿಮ ಬೀಳೋ ಕಡಲ ಮುಂದೆ ನಿಂತು ಅಳೋ ಹಾಡು! ಜನ ತಿರುಗಿ ನೋಡಲೇಬೇಕು ಅಂತ ಯೋಚಿಸಿ ಮಾಡಿದ್ದು. ಯುವಕರು ಎಂಕಾ ಕೊಳ್ಳೋದು ಬಿಟ್ಟು ಎಷ್ಟೋ ಕಾಲ ಆಗಿತ್ತು, ಕಂಪನಿಗೂ ಹೊಸ ಮುಖ ಬೇಕಿತ್ತು. ಆ ಮೊದಲ ಹಾಡಿನ ಮಟ್ಟಕ್ಕೆ ಮುಂದಿನ ಯಾವ ಹಾಡೂ ಏರಲಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು ಅಲ್ವಾ?

ಕೋಬೆಯಿಂದ:
@ಹಳೇಕ್ಯಾಸೆಟ್ ಅವಕಾಶ ಬೇಗ ಸಿಕ್ಕಿತು ಅನ್ನೋದು ನಿಜ. ಆದರೆ ಎಂಕಾ ಸಿಡಿ ಕೊಳ್ಳೋರು ಯಾರು ಅಂತ ನೋಡಿ. ಹಾಡಿನ ಜೊತೆ ಬರೀ ವಾದ್ಯದ ಕ್ಯಾರಿಯೋಕೆ ಟ್ರ್ಯಾಕೂ ಇರುತ್ತೆ, ಕೊಂಡವರು ಮನೆಯಲ್ಲಿ ಅಭ್ಯಾಸ ಮಾಡಿ ಹಾಡ್ತಾರೆ. ಅರವತ್ತು ದಾಟಿದ ಆ ಕೇಳುಗರಿಗೆ ಕೊಬುಶಿ ಎಲ್ಲಿ ತಪ್ಪಿತು ಅಂತ ತಕ್ಷಣ ಗೊತ್ತಾಗುತ್ತೆ. ಬೆರಗು ಒಂದು ವಾರ ನಡೆಯಬಹುದು. ಜೆರೋ 2008ರಲ್ಲೇ ಜಪಾನ್ ರೆಕಾರ್ಡ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಹೊಸ ಕಲಾವಿದ ಆದರು, ಹಳೇ ಹಾಡುಗಳನ್ನೇ ಹಾಡಿದ ಆಲ್ಬಂಗಳನ್ನೂ ತಂದರು, 2018ರವರೆಗೆ ಹಾಡ್ತಾನೇ ಇದ್ದರು. ಆ ವರ್ಷ ತಾವಾಗಿಯೇ ಹಾಡು ನಿಲ್ಲಿಸಿ ಮತ್ತೆ ಕಂಪ್ಯೂಟರ್ ಕೆಲಸಕ್ಕೆ ಹೋದರು. ಹತ್ತು ವರ್ಷ ಸಣ್ಣ ಅವಧಿ ಅಲ್ಲ.

ಪೆಟ್ಟಿಗೆರೇಡಿಯೋ:
ಜೆರೋ ಮೊದಲಿಗರೇನೂ ಅಲ್ಲ. ನಮ್ಮ ದೆಹಲಿಯ ಸರಬ್ಜಿತ್ ಸಿಂಗ್ ಚಡ್ಢಾ ಕಿತ್ತಳೆ ಕೃಷಿ ಕಲಿಯೋಕೆ ಅಂತ ಜಪಾನಿಗೆ ಹೋಗಿ, ಎಂಕಾಗೆ ಮರುಳಾಗಿ, 1975ರಲ್ಲಿ ತಲೆಗೆ ಪಗಡಿ ಸುತ್ತಿಕೊಂಡೇ ಎಂಕಾ ರೆಕಾರ್ಡ್ ತಂದವರು. ತೈವಾನಿನ ತೆರೇಸಾ ತೆಂಗ್ 1974ರಲ್ಲೇ ಹೊಸ ಕಲಾವಿದರ ಪ್ರಶಸ್ತಿ ಗೆದ್ದಿದ್ದರು, ಅವರ 80ರ ದಶಕದ ಜಪಾನಿ ಹಾಡುಗಳು ಇವತ್ತಿಗೂ ಕ್ಯಾರಿಯೋಕೆಯಲ್ಲಿ ಓಡುತ್ತವೆ. ಕೊರಿಯಾದ ಕ್ಯೆ ಉನ್-ಸುಕ್, ಕಿಮ್ ಯೊನ್-ಜಾ ಇಬ್ಬರೂ ಕೋಹಾಕುವಿನಲ್ಲಿ ಹಾಡಿದ್ದಾರೆ.

ಎಂಕಾಗೆ ದಾರಿ ಹಾಕಿಕೊಟ್ಟ ಸಂಗೀತ ಸಂಯೋಜಕ ಮಸಾವೊ ಕೊಗಾ ಅವರೇ ಬಾಲ್ಯ ಕಳೆದಿದ್ದು ಕೊರಿಯಾದಲ್ಲಿ. ಈ ಹಾಡುಗಳ ಹಿಂದೆ ನುಡಿಯೋದು ಗಿಟಾರ್, ಸ್ಯಾಕ್ಸೋಫೋನ್, ಪಿಟೀಲು. ಇವತ್ತು ನಾವು ಕೇಳೋ ಎಂಕಾಗೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದೇ 1960ರ ದಶಕದ ಕೊನೆಯ ಹೊತ್ತಿಗೆ. ಅದಕ್ಕೇ ಹೊರಗಿನವರು ಒಳಗೆ ಬಂದರು ಅಂತ ನಾನು ಹೇಳಲ್ಲ. ಶುರುವಿನಿಂದಲೇ ಹಲವರ ಕೈ ಸೇರಿ ಬೆಳೆದ ಸಂಗೀತ ಅದು.

ತಂಬೂರಿ:
ನನಗೆ ಹಿಗ್ಗಿನ್ಸ್ ಭಾಗವತರು ನೆನಪಾದರು. ಜಾನ್ ಹಿಗ್ಗಿನ್ಸ್ ಕೂಡ ಅಮೆರಿಕದವರೇ, ವ್ಯಾಸತೀರ್ಥರ 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿದವರು. ಆದರೆ ಅವರ ಮನೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡೋ ಅಜ್ಜಿ ಇರಲಿಲ್ಲ, ಎಲ್ಲವನ್ನೂ ದೊಡ್ಡವರಾದ ಮೇಲೆ ಗುರುಗಳ ಮುಂದೆ ಕೂತು ಕಲಿತರು. ಜೆರೋ ದಾರಿ ಬೇರೆ.

ಸಂಜೆರಾಗ:
ಇಷ್ಟೆಲ್ಲ ಸಿಗುತ್ತೆ ಅಂದ್ಕೊಂಡಿರಲಿಲ್ಲ. @ಕೋಬೆಯಿಂದ, 'ಉಮಿಯುಕಿ' ಆದಮೇಲೆ ಯಾವುದು ಕೇಳಲಿ?

ಕೋಬೆಯಿಂದ:
2008ರಲ್ಲೇ ಬಂದ 'ಕವರ್ಸ್' ಆಲ್ಬಂ ಕೇಳಿ. ಎಲ್ಲಾ ಬೇರೆಯವರ ಹಳೇ ಹಾಡುಗಳು. ಒಂದು ಹಾಡನ್ನು ಮೊದಲು ಮೂಲ ಗಾಯಕರ ದನಿಯಲ್ಲಿ ಕೇಳಿ, ತಕ್ಷಣ ಜೆರೋ ಹಾಡಿದ್ದು ಹಾಕಿ, ವಿಡಿಯೋ ಬೇಡ, ಬರೀ ಆಡಿಯೋ. ಆಮೇಲೆ @ಹಳೇಕ್ಯಾಸೆಟ್ ಹೇಳಿದ್ದು ಸರಿಯಾ, ನಾನು ಹೇಳಿದ್ದು ಸರಿಯಾ ಅಂತ ಇಲ್ಲೇ ಬಂದು ಬರೀರಿ.