ಗೋವಿನಜೋಳ, ಸೋಯಾಬೀನ್ ಸರದಿಯ ಎರೆಹೊಲಕ್ಕೆ ಚಿಸೆಲ್ ನೇಗಿಲು ವರ್ಷವರ್ಷವೂ ಬೇಕೇ?

ಪ್ರಶ್ನೆ (ಬೈಲಹೊಂಗಲ ತಾಲೂಕಿನ ರೈತ)

ನಮ್ಮದು ಆರು ಎಕರೆ ಎರೆಭೂಮಿ. ಒಂದು ಮುಂಗಾರಿಗೆ ಸೋಯಾಬೀನ್, ಮರುವರ್ಷದ ಮುಂಗಾರಿಗೆ ಗೋವಿನಜೋಳ ಎಂದು ಎಂಟು ವರ್ಷಗಳಿಂದ ಬೆಳೆ ಬದಲಿಸುತ್ತ ಬಂದಿದ್ದೇವೆ. ಬೇಸಿಗೆಯಲ್ಲಿ ಮಣ್ಣು ಮಗುಚುವ ಪಲ್ಟಿ ನೇಗಿಲು ಹೊಡೆಸಿ, ಬಿತ್ತನೆಗೆ ಮುನ್ನ ರೋಟಾವೇಟರ್ ಆಡಿಸುವುದು ನಮ್ಮ ರೂಢಿ. ಕಳೆದೆರಡು ವರ್ಷ ದೊಡ್ಡ ಮಳೆಯಾದಾಗಲೆಲ್ಲ ಮೂರು ಮೂರು ದಿನ ಸಾಲುಗಳಲ್ಲಿ ನೀರು ನಿಂತು ಬೆಳೆ ಹಳದಿಗೆ ತಿರುಗಿತು. ಕಿತ್ತು ನೋಡಿದ ಗೋವಿನಜೋಳದ ಬೇರುಗಳು ಎಂಟು ಇಂಚಿನಷ್ಟು ಇಳಿದು, ಅಲ್ಲಿಂದ ಮೊಣಕೈ ಮಡಿಸಿದಂತೆ ಅಡ್ಡಕ್ಕೆ ಹೊರಳಿದ್ದವು. ಬಾಡಿಗೆ ಕೇಂದ್ರದಲ್ಲಿ, ಮಣ್ಣನ್ನು ಮಗುಚದೆ ಆಳಕ್ಕೆ ಸೀಳುವ, ಒಂದೇ ಹಲ್ಲಿನ ಚಿಸೆಲ್ ನೇಗಿಲು ಸಿಗುತ್ತದೆ. ಅಮೆರಿಕದ ವಿಡಿಯೊಗಳಲ್ಲಿ ಇದೇ ಎರಡು ಬೆಳೆಗಳ ಹೊಲಕ್ಕೆ ಚಿಸೆಲ್ ಹೊಡೆಯುವುದನ್ನು ನೋಡಿದ್ದೇನೆ. ಪಲ್ಟಿಯನ್ನು ಬಿಟ್ಟು ಪ್ರತಿವರ್ಷ ಇದನ್ನೇ ಹೊಡೆಸಬಹುದೇ?

ಉತ್ತರ 1 (ಧಾರವಾಡದಿಂದ)

ಬೇರು ಅಡ್ಡಕ್ಕೆ ಹೊರಳಿದೆ ಎಂದರೆ ಅಲ್ಲೊಂದು ಗಟ್ಟಿ ಪದರ ಕೂತಿದೆ ಎಂದೇ ಅರ್ಥ. ಪಲ್ಟಿ ನೇಗಿಲು ವರ್ಷವೂ ಅದೇ ಆಳದಲ್ಲಿ ಉಜ್ಜುತ್ತ ಹೋಗುತ್ತದೆ, ಟ್ರ್ಯಾಕ್ಟರಿನ ಒಂದು ಗಾಲಿ ತೆರೆದ ಸಾಲಿನೊಳಗೇ ಉರುಳುತ್ತದೆ, ಮೇಲಿನ ನಾಲ್ಕೈದು ಇಂಚನ್ನು ರೋಟಾವೇಟರ್ ಹಿಟ್ಟು ಮಾಡುತ್ತದೆ. ಇಷ್ಟಾದ ಮೇಲೆ ಕೆಳಗೆ ಪದರ ಕಟ್ಟದಿದ್ದರೆ ಆಶ್ಚರ್ಯ. ಆದರೂ ಬಾಡಿಗೆ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಒಳ್ಳೆಯ ಮಳೆಯಾಗಿ ಎರಡು ಮೂರು ದಿನ ಕಳೆದ ಮೇಲೆ ತೆಳುವಾದ ಕಬ್ಬಿಣದ ಸಲಾಕೆಯನ್ನು ಹೊಲದ ಹತ್ತಾರು ಕಡೆ ಒತ್ತಿ ನೋಡಿ. ಸಲೀಸಾಗಿ ಇಳಿದ ಸಲಾಕೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಳದಲ್ಲಿ ತಡೆದು, ಬಲ ಹಾಕಿದಾಗ ಮತ್ತೆ ಸಲೀಸಾದರೆ ಅದೇ ನಿಮ್ಮ ಪದರ. ಚಿಸೆಲ್ಲಿನ ಹಲ್ಲು ಅದರ ತಳಕ್ಕಿಂತ ಒಂದೆರಡು ಇಂಚು ಕೆಳಗೆ ಓಡಿದರೆ ಸಾಕು. ಅದಕ್ಕಿಂತ ಆಳಕ್ಕೆ ಇಳಿಸುವುದು ಡೀಸೆಲ್ ಸುಡುವ ಕೆಲಸ.

ಪರೀಕ್ಷೆಗೆ ಹಸಿ ಬೇಕು, ಉಳುಮೆಗೆ ಮಾತ್ರ ಹಸಿ ಇರಕೂಡದು. ಒಂದಡಿ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಬತ್ತಿಯಾದರೆ ಆ ದಿನ ನೇಗಿಲು ಬೇಡ. ಹಸಿ ಎರೆಮಣ್ಣಿನಲ್ಲಿ ಹಲ್ಲು ಸೀಳು ಬಿಡುತ್ತದೆಯೇ ಹೊರತು ಪದರವನ್ನು ಒಡೆಯುವುದಿಲ್ಲ. ಸೀಳಿನ ಎರಡೂ ಬದಿಗಳು ಸಗಣಿಯಿಂದ ಸಾರಿಸಿದ ನೆಲದಂತೆ ನುಣುಪಾಗಿ ನೀರನ್ನೂ ಬಿಡುವುದಿಲ್ಲ, ಬೇರನ್ನೂ ಬಿಡುವುದಿಲ್ಲ.

ಉತ್ತರ 2 (ಅಯೋವಾ, ಅಮೆರಿಕದಿಂದ)

ನಾನು ಹಾವೇರಿ ಕಡೆಯವನು, ಈಗ ಇರುವುದು ಇದೇ ಎರಡು ಬೆಳೆಗಳ ನಾಡಿನಲ್ಲಿ. ಹೆಸರು ಒಂದೇ ಆದರೂ ಸಾಧನ ಬೇರೆ ಎಂಬುದನ್ನು ಮೊದಲು ಹೇಳಬೇಕು. ಇಲ್ಲಿ ಚಿಸೆಲ್ ಎಂದರೆ ಸುಮಾರು ಒಂದೊಂದಡಿಗೆ ಒಂದರಂತೆ ಸಾಲಾಗಿ ಹಲ್ಲುಗಳಿರುವ, ಎಂಟರಿಂದ ಹನ್ನೆರಡು ಇಂಚು ಆಳಕ್ಕೆ ಹೋಗುವ ಅಗಲವಾದ ಯಂತ್ರ. ನಿಮ್ಮ ಒಂಟಿ ಹಲ್ಲಿನದು ಇಲ್ಲಿಯವರು ಸಬ್‌ಸಾಯಿಲರ್ (ಆಳದ ಗಟ್ಟಿ ಪದರ ಒಡೆಯುವ ನೇಗಿಲು) ಎನ್ನುವುದಕ್ಕೆ ಹತ್ತಿರ. 1930ರ ದಶಕದಲ್ಲಿ ಧೂಳಿನ ಬಿರುಗಾಳಿಗೆ ಹೊಲಗಳೇ ಹಾರಿಹೋಗುತ್ತಿದ್ದಾಗ ಒಕ್ಲಹೋಮಾದ ಫ್ರೆಡ್ ಹೋಮಿ ಎಂಬ ರೈತ ಚಿಸೆಲ್ಲನ್ನು ರೂಪಿಸಿದ್ದು, ಮಣ್ಣನ್ನು ಮಗುಚದೆ ಸಡಿಲಿಸಿ ಕೂಳೆಯನ್ನು ಮೇಲೆಯೇ ಉಳಿಸಿಕೊಳ್ಳುವುದಕ್ಕಾಗಿ.

ಆದ್ದರಿಂದ ಇಲ್ಲಿ ಚಿಸೆಲ್ಲಿಗೆ ನಿಜವಾಗಿ ಹೊಂದುವುದು ಗೋವಿನಜೋಳದ ದಂಟು ದಟ್ಟವಾಗಿ ಬಿದ್ದ ಹೊಲ. ಬಿತ್ತನೆಯ ನಂತರ ನೆಲದ ಶೇ. 30 ಭಾಗವಾದರೂ ಹಿಂದಿನ ಬೆಳೆ ಕೊಯ್ದುಳಿದ ಕಸದಿಂದ ಮುಚ್ಚಿರಬೇಕು ಎಂಬುದು ಇಲ್ಲಿನ ಸಂರಕ್ಷಣಾ ಬೇಸಾಯದ ಅಳತೆ. ಸೋಯಾಬೀನಿನ ಕಸ ಕಡಿಮೆ, ಅದೂ ಪುಡಿಪುಡಿ. ಅದರ ಮೇಲೆ ಚಿಸೆಲ್ ಓಡಿಸಿದರೆ ಆ ಅಳತೆ ಉಳಿಯುವುದು ಕಷ್ಟ, ಮಣ್ಣು ಮಳೆಗೆ ಬೆತ್ತಲಾಗುತ್ತದೆ. ಅಲ್ಲದೆ ಸೋಯಾಬೀನ್ ಕೊಯ್ದ ನೆಲ ತಾನಾಗಿಯೇ ಮೆತ್ತಗಿರುವುದರಿಂದ ಅನೇಕರು ಉಳುಮೆಯನ್ನೇ ಮಾಡದೆ ಮುಂದಿನ ಗೋವಿನಜೋಳವನ್ನು ನೇರವಾಗಿ ಬಿತ್ತುತ್ತಾರೆ. ಇನ್ನೊಂದು ಮಾತು: ಇಲ್ಲಿ ಕೊಯ್ಲಾದ ಮೇಲೆ ಎಬ್ಬಿಸಿದ ಹೆಂಟೆಗಳನ್ನು ಚಳಿಗಾಲದ ಹಿಮ ಒಡೆದುಕೊಡುತ್ತದೆ. ಆ ಪುಕ್ಕಟೆ ಕೂಲಿ ಬೈಲಹೊಂಗಲದಲ್ಲಿ ಸಿಗುವುದಿಲ್ಲ.

ಉತ್ತರ 3 (ಕಲಘಟಗಿ ತಾಲೂಕಿನ ರೈತ)

ಹಿಮವಿಲ್ಲದಿದ್ದರೂ ನಮಗೆ ಅಡ್ಡಮಳೆ ಇದೆ. ಗೋವಿನಜೋಳದ ಕಣಿಕೆ ತೆಗೆದ ಮೇಲೆ ಬೇಸಿಗೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಚಿಸೆಲ್ ಹೊಡೆಸಿ ಬಿಟ್ಟರೆ, ಏಪ್ರಿಲ್, ಮೇ ತಿಂಗಳ ಒಂದೆರಡು ಮಳೆಗೆ ಹೆಂಟೆಗಳು ತಾವಾಗಿಯೇ ಅರಳುತ್ತವೆ. ಆಮೇಲೆ ಕುಂಟೆ ಹೊಡೆದರೆ ಸಾಕು. ಮೊದಲ ವರ್ಷ ನಾನು ತಾಳ್ಮೆಗೆಟ್ಟು, ಮಳೆ ಬಿದ್ದ ಮರುದಿನವೇ ಹಸಿ ನೆಲಕ್ಕೆ ಎರಡು ಬಾರಿ ರೋಟಾವೇಟರ್ ಆಡಿಸಿದೆ. ಸಡಿಲಾದ ನೆಲದ ಮೇಲೆ ಗಾಲಿ ಇನ್ನೂ ಆಳಕ್ಕೆ ಕೂರುತ್ತದೆ ಎಂಬುದು ಆಗಸ್ಟಿನಲ್ಲಿ ಗಾಲಿಯ ಜಾಡಿನುದ್ದಕ್ಕೂ ನೀರು ನಿಂತಾಗ ತಿಳಿಯಿತು.

ಪಲ್ಟಿಯನ್ನು ಪೂರ್ತಿ ಕೈಬಿಡಬೇಡಿ ಎಂದೇ ನನ್ನ ಸಲಹೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ, ಗೋವಿನಜೋಳ ತಿನ್ನುವ ಫಾಲ್ ಸೈನಿಕ ಹುಳು ಮಣ್ಣಿನಲ್ಲೇ ಕೋಶವಾಗುತ್ತದೆ. ಮಣ್ಣು ಮಗುಚಿದರೆ ಕೋಶಗಳು ಬಿಸಿಲಿಗೂ ಬೆಳ್ಳಕ್ಕಿಗಳಿಗೂ ಸಿಗುತ್ತವೆ, ಚಿಸೆಲ್ ಮಗುಚುವುದಿಲ್ಲ. ನಾನು ಮೂರು ವರ್ಷಕ್ಕೊಮ್ಮೆ ಚಿಸೆಲ್ ಹೊಡೆಸುತ್ತೇನೆ, ಹುಳುವಿನ ಕಾಟ ಹೆಚ್ಚಾದ ವರ್ಷದ ಬೇಸಿಗೆಯಲ್ಲಿ ಮಾತ್ರ ಪಲ್ಟಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಮೊನ್ನೆಯ ಮಳೆ ಆರಿದ ಮೇಲೆ ಸಲಾಕೆ ಹಿಡಿದು ಹೊಲ ತಿರುಗಿದೆ. ಮೇಲಿನ ನಾಲ್ಕು ಎಕರೆಯಲ್ಲಿ ಏಳೆಂಟು ಇಂಚಿಗೆ ತಡೆಯಿತು, ಹಳ್ಳದ ಕಡೆಯ ಎರಡು ಎಕರೆಯಲ್ಲಿ ಮೊಳದುದ್ದ ಇಳಿದರೂ ಎಲ್ಲಿಯೂ ತಡೆಯಲಿಲ್ಲ. ಹಾಗಾದರೆ ಅಲ್ಲಿ ನೀರು ನಿಲ್ಲುವುದಕ್ಕೆ ಪದರ ಕಾರಣವಲ್ಲ. ಆ ಭಾಗಕ್ಕೆ ಚಿಸೆಲ್ ಬಿಟ್ಟು ಬಸಿಗಾಲುವೆ ತೆಗೆಸುತ್ತೇನೆ. ಮೇಲಿನ ನಾಲ್ಕು ಎಕರೆಯಲ್ಲಿ ಈಗ ಸೋಯಾಬೀನ್ ಇರುವುದರಿಂದ, ಮುಂದಿನ ವರ್ಷದ ಗೋವಿನಜೋಳ ಕೊಯ್ದ ಮೇಲೆಯೇ ಅಲ್ಲಿ ನೇಗಿಲು ಇಳಿಸುತ್ತೇನೆ.